ಲವ್‌ಕ್ರಾಫ್ಟ್ ಓದು ಬಾವಿಕಟ್ಟೆಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಭಯಕಥೆಗಾರ ಎಚ್.ಪಿ. ಲವ್‌ಕ್ರಾಫ್ಟ್ ಹೆಸರು ಕೇಳಿದವರು ನೇರವಾಗಿ 1928ರ ‘ದಿ ಕಾಲ್ ಆಫ್ ಕ್ಥುಲ್ಹು’ಗೆ ಕೈಹಾಕಿ ಅರ್ಧಕ್ಕೇ ಕೈಬಿಡುವುದುಂಟು. ಮೂರು ಭಾಗದ ಆ ಕಥೆ ಕಾಲಕ್ರಮದಲ್ಲಿಲ್ಲ: 1925ರಿಂದ 1908ಕ್ಕೆ ಹಿಂದೆ ಹೋಗಿ, ಮತ್ತೆ 1925ರ ಸಮುದ್ರಕ್ಕೆ ಬರುತ್ತದೆ. ತಾರೀಖುಗಳನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಗುರುತು ಹಾಕಿಕೊಂಡರೆ, ಶಿಲ್ಪಿಯ ಕೆಟ್ಟ ಕನಸುಗಳೂ ಹಡಗಿನವರ ದುರಂತವೂ ಒಂದೇ ದಿನಗಳವು ಎಂದು ತಿಳಿಯುತ್ತದೆ. ಭಯ ಇರುವುದೇ ಆ ತಾಳೆಯಲ್ಲಿ.

ಶುರುವಿಗೆ 1927ರ ‘ದಿ ಕಲರ್ ಔಟ್ ಆಫ್ ಸ್ಪೇಸ್’ ವಾಸಿ. ರೈತನ ಬಾವಿಯ ಪಕ್ಕ ಉಲ್ಕೆ ಬೀಳುತ್ತದೆ. ಪರೀಕ್ಷೆಗೆ ಒಯ್ದ ಚೂರು ಗಾಜಿನ ಬೀಕರ್ ಸಮೇತ ಮಾಯ! ಆ ವರ್ಷ ಹಣ್ಣು ದಪ್ಪದಪ್ಪ, ಬಾಯಿಗಿಟ್ಟರೆ ಕಹಿ. ಇಲ್ಲಿ ದೆವ್ವವಿಲ್ಲ, ಸೇಡಿಲ್ಲ. ಮೋಹಿನಿ ಕಥೆಗಳ ಹಾಗೆ ‘ಯಾಕೆ ಕಾಡಿತು’ ಎಂದು ಹುಡುಕಿದರೆ ನಿರಾಸೆ ಗ್ಯಾರಂಟಿ. ಅಂಟಾರ್ಕ್ಟಿಕಾದಲ್ಲಿ ನಡೆಯುವ ಅವರ ಉದ್ದನೆಯ ಕಾದಂಬರಿ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ಆಮೇಲಿರಲಿ. ಅದರ ಭೂಗರ್ಭಶಾಸ್ತ್ರ ಹೊಸಬರನ್ನು ದಣಿಸುತ್ತದೆ.

ಲೇಖಕರು 1937ರಲ್ಲೇ ತೀರಿಕೊಂಡಿದ್ದರಿಂದ ನಮ್ಮಲ್ಲಿ ಹಕ್ಕುಸ್ವಾಮ್ಯದ ತೊಡಕಿಲ್ಲ. ನಿಮ್ಮ ಪುರವಣಿಯಲ್ಲಿ ಬಾವಿಯ ಕಥೆಯ ಅನುವಾದ ಬರಲಿ. ಮುಂದೆ ಉಳಿದವನ್ನು ತರುವಾಗ, ಅವುಗಳಲ್ಲಿ ಢಾಳಾಗಿರುವ ಜನಾಂಗದ್ವೇಷವನ್ನು ಮಾತ್ರ ತೊಳೆದು ಕೊಡಬೇಡಿ.

– ಓದುಗ, ಶಿವಮೊಗ್ಗ