ಕೋಣೆಯ ಪುಟ್ಟ ಫ್ರಿಜ್ ನಂಬಬಹುದೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಂಗಳೂರಿನ ಹೋಟೆಲೊಂದರಲ್ಲಿ ತಂಗಿದ್ದಾಗ, ಮಗುವಿಗೆಂದು ತಂದ ಹಾಲು ಮತ್ತು ಮೊಸರನ್ನವನ್ನು ಕೋಣೆಯ ಪುಟ್ಟ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಹೊರಗೆ ಹೋಗಿದ್ದೆವು. ಸಂಜೆ ಮರಳಿದಾಗ ಹಾಲು ಒಡೆದಿತ್ತು, ಮೊಸರನ್ನ ಹುಳಿ ವಾಸನೆ ಹೊಡೆಯುತ್ತಿತ್ತು. ಬಾಗಿಲ ಬಳಿಯ ಕೀ ಕಾರ್ಡ್ ತೆಗೆದೊಡನೆ ದೀಪ, ಎ.ಸಿ.ಗಳ ಜೊತೆಗೆ ಫ್ರಿಜ್‌ನ ವಿದ್ಯುತ್ತೂ ನಿಲ್ಲುತ್ತದೆ ಎಂಬುದು ವಿಚಾರಿಸಿದ ಮೇಲಷ್ಟೇ ತಿಳಿಯಿತು.

ಕಾರ್ಡನ್ನು ಅಲ್ಲಿಯೇ ಬಿಟ್ಟಿದ್ದರೂ ಪೂರ್ತಿ ನಿಶ್ಚಿಂತೆಯೇನಿಲ್ಲ. ಇಂಥ ಫ್ರಿಜ್‌ಗಳಲ್ಲಿ ಹಲವಕ್ಕೆ ಮನೆಯ ಫ್ರಿಜ್‌ನಂತೆ ಕಂಪ್ರೆಸರ್ ಇರುವುದಿಲ್ಲ. ಅತಿಥಿಗಳ ನಿದ್ದೆಗೆ ಸದ್ದು ಅಡ್ಡಿಯಾಗದಿರಲೆಂದು, ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪು ಪಡೆಯುವ ಅಥವಾ ಪೆಲ್ಟಿಯರ್ ತಂತ್ರದ (ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗುವ ಬಿಲ್ಲೆಯಿಂದ ತಂಪು ಪಡೆಯುವ) ಪೆಟ್ಟಿಗೆಗಳನ್ನು ಇಡುತ್ತಾರೆ. ನೀರಿನ ಬಾಟಲಿಗೆ ಅವು ಸಾಕು. ಆದರೆ ಕರಾವಳಿಯ ಸೆಕೆಯಲ್ಲಿ, ಗಾಳಿಯಾಡದ ಮರದ ಕಪಾಟಿನೊಳಗೆ ಹುದುಗಿಸಿಟ್ಟಾಗ, ಹಾಲು, ಮೀನು, ಮಾಂಸದ ಪದಾರ್ಥಗಳು ಕೆಡದಿರಲು ಬೇಕಾದ 5 ಡಿಗ್ರಿ ಸೆಲ್ಸಿಯಸ್‌ಗೆ ಅವು ಇಳಿಯುವುದೇ ಕಷ್ಟ. ಇನ್ನೂ ತೆರೆಯದ ಇನ್ಸುಲಿನ್‌ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಮಧುಮೇಹಿಗಳ ಪಾಡಂತೂ ನಮ್ಮ ಹಾಲಿಗಿಂತ ಗಂಭೀರ.

ನಾನೀಗ ಪ್ರವಾಸಕ್ಕೆ ಥರ್ಮಾಮೀಟರ್ ಒಯ್ದು, ಫ್ರಿಜ್‌ನೊಳಗಿನ ನೀರಿನ ಲೋಟದಲ್ಲಿ ರಾತ್ರಿಯಿಡೀ ಇಟ್ಟು ನೋಡುತ್ತೇನೆ (ಮನೆಯಲ್ಲಿ ಇದಕ್ಕೆ ನಗುವವರಿದ್ದಾರೆ). ಎಲ್ಲ ಅತಿಥಿಗಳೂ ಹೀಗೆ ಮಾಡಬೇಕೆನ್ನುವುದು ನ್ಯಾಯವಲ್ಲ. ಹೋಟೆಲ್‌ನವರು ಫ್ರಿಜ್‌ಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಕೊಡಲಿ; ಅದಾಗದಿದ್ದರೆ ‘ಪಾನೀಯಕ್ಕೆ ಮಾತ್ರ’ ಎಂಬ ಚೀಟಿ ಅಂಟಿಸಿ, ಔಷಧ ಹಾಗೂ ಮಗುವಿನ ಹಾಲನ್ನು ಹೆಸರು ಬರೆದು ಅಡುಗೆಮನೆಯ ಫ್ರಿಜ್‌ನಲ್ಲಿ ಇಟ್ಟುಕೊಡುವ ವ್ಯವಸ್ಥೆಯನ್ನಾದರೂ ಮಾಡಲಿ.

– ಓದುಗ, ಶಿವಮೊಗ್ಗ