ಹಳೆಯ ರೇಸಿಂಗ್ ಆಟಕ್ಕೆ ಮೊದಲು ಪ್ರೊಸೆಸರ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರ್ ರೇಸಿಂಗ್ ಆಟ ಕುಂಟುತ್ತಿದೆ ಎಂದ ಕೂಡಲೇ ‘ಗ್ರಾಫಿಕ್ಸ್ ಕಾರ್ಡ್ ಬದಲಿಸಿ’ ಎಂಬ ಸಲಹೆ ಬರುತ್ತದೆ. 1990ರ ದಶಕದ ರೇಸಿಂಗ್ ಸಿಮ್ಯುಲೇಟರ್‌ಗಳ ಮಟ್ಟಿಗೆ ಇದು ಬಹುಪಾಲು ತಪ್ಪು ಸಲಹೆ. ಅಲ್ಲಿ ಹೆಚ್ಚಿನ ಹೊರೆ ಬೀಳುವುದು ಪ್ರೊಸೆಸರ್ ಮೇಲೆ. ಕಾರ್ಡಿಗೆ ಹಣ ಸುರಿದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

1996ರ ‘ಗ್ರಾಂಡ್ ಪ್ರಿಕ್ಸ್ 2’ ಇದಕ್ಕೆ ಸ್ಪಷ್ಟ ಉದಾಹರಣೆ. ಈ ಆಟ ತ್ರೀಡಿ ಕಾರ್ಡನ್ನು (ಮೂರು ಆಯಾಮದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್) ಬಳಸುವುದೇ ಇಲ್ಲ. ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಬರೆಯುತ್ತದೆ. 320x200 ಪರದೆಯಲ್ಲಿ ಚುಕ್ಕಿಗಳು 64,000. ಎಸ್‌ವಿಜಿಎ 640x480ಕ್ಕೆ ಹೋದರೆ 3,07,200, ಅಂದರೆ ಸುಮಾರು ಐದು ಪಟ್ಟು. ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು, ಆಡುವವರೇ ಗೊತ್ತುಮಾಡಬೇಕು, ಗರಿಷ್ಠ 25.6. ಹಾಗಾಗಿ ಒಂದು ಫ್ರೇಮಿಗೆ ಸಿಗುವುದು 39 ಮಿಲಿಸೆಕೆಂಡ್. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಆಟ ಫ್ರೇಮ್‌ಗಳನ್ನು ಕೈಬಿಡುವುದಿಲ್ಲ, ತನ್ನ ಗಡಿಯಾರವನ್ನೇ ನಿಧಾನ ಮಾಡಿಕೊಳ್ಳುತ್ತದೆ. ಆಡುವಾಗ ‘ಓ’ ಕೀಲಿ ಒತ್ತಿದರೆ ಪ್ರೊಸೆಸರ್ ಮೇಲಿನ ಹೊರೆ ಶೇಕಡಾವಾರು ಕಾಣಿಸುತ್ತದೆ. ಅದು 125 ತೋರಿಸುತ್ತಿದ್ದರೆ, ಆಟದ ಲೆಕ್ಕದಲ್ಲಿ 80 ಸೆಕೆಂಡಿನ ಲ್ಯಾಪ್ ಮುಗಿಯಲು ನಿಜವಾಗಿ 100 ಸೆಕೆಂಡು ಹಿಡಿಯುತ್ತದೆ. ಬ್ರೇಕ್ ಹಾಕಲು, ಸ್ಟಿಯರಿಂಗ್ ತಿರುಗಿಸಲು ಅಷ್ಟು ಹೆಚ್ಚು ವ್ಯವಧಾನ ಸಿಕ್ಕಿದ ಹಾಗಾಯಿತು! ಹೀಗೆ ಬಂದ ಲ್ಯಾಪ್ ಸಮಯವನ್ನು ಇನ್ನೊಬ್ಬರ ಸಮಯದ ಪಕ್ಕದಲ್ಲಿಟ್ಟು ನೋಡುವುದು ನ್ಯಾಯವಲ್ಲ. ರೇಸ್ ಶುರುವಾಗುವಾಗ ಎಲ್ಲರ ಹಿಂದೆ ನಿಂತು, ಎಲ್ಲ ಕಾರುಗಳೂ ಕಣ್ಣೆದುರು ಇರುವಾಗಲೇ ಈ ಅಂಕಿ ನೋಡಬೇಕು. ಅಲ್ಲಿ 100 ದಾಟಿದರೆ ಮೊದಲು ಕನ್ನಡಿಗಳ ವಿವರ ಕಡಿಮೆ ಮಾಡಿ, ಆಮೇಲೆ ಹುಲ್ಲು ಮತ್ತು ರಸ್ತೆಯ ಟೆಕ್ಸ್ಚರ್ (ಮೇಲ್ಮೈಯ ಚಿತ್ತಾರ) ತೆಗೆಯಿರಿ. ಕೊನೆಗೂ ಆಗದಿದ್ದರೆ ಮಾತ್ರ ಫ್ರೇಮ್ ದರ ಇಳಿಸಿ.

ತ್ರೀಡಿ ಕಾರ್ಡ್ ಬಳಸುವ ಆಟಗಳ ಕಥೆ ಸ್ವಲ್ಪ ಬೇರೆ. 1998ರ ‘ಗ್ರಾಂಡ್ ಪ್ರಿಕ್ಸ್ ಲೆಜೆಂಡ್ಸ್’ ಸೆಕೆಂಡಿಗೆ 36 ಫ್ರೇಮ್‌ಗೆ ನಿಲ್ಲುತ್ತದೆ. ಚಿತ್ರ ಬಿಡಿಸುವುದನ್ನು ಕಾರ್ಡಿಗೆ ವಹಿಸಿದರೂ ಟೈರಿನ ಹಿಡಿತ, ಸಸ್ಪೆನ್ಷನ್, ಎದುರಾಳಿ ಕಾರುಗಳ ನಡೆ ಎಲ್ಲವೂ ಪ್ರೊಸೆಸರ್ ಪಾಲಿಗೇ ಉಳಿಯುತ್ತವೆ. ಇಂಥ ಲೆಕ್ಕಗಳು ಪ್ರೊಸೆಸರಿನ ಫ್ಲೋಟಿಂಗ್ ಪಾಯಿಂಟ್ ಘಟಕದಲ್ಲಿ (ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಭಾಗ) ನಡೆಯುವುದರಿಂದ, ಆ ಕಾಲದ ಚಿಪ್‌ಗಳ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಕೊಂಡವರಿಗೆ ನಿರಾಸೆ ಕಾದಿರುತ್ತಿತ್ತು. ಸೈರಿಕ್ಸ್ ಕಂಪನಿಯ 6ಎಕ್ಸ್86 ಪಿಆರ್166+ ಚಿಪ್ ಓಡುತ್ತಿದ್ದುದು 133 ಮೆಗಾಹರ್ಟ್ಸ್‌ನಲ್ಲಿ. ಕಚೇರಿ ಕೆಲಸದಲ್ಲಿ ಅದು ಇಂಟೆಲ್ ಕಂಪನಿಯ ಪೆಂಟಿಯಂ 166ಕ್ಕೆ ಸಾಟಿಯಾಗುತ್ತಿತ್ತು, ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಬಹಳ ಹಿಂದೆ ಬೀಳುತ್ತಿತ್ತು. ಎಎಂಡಿ ಕಂಪನಿಯ ಕೆ6-2 ಚಿಪ್ಪಿನಲ್ಲಿ ಇಂಥ ಲೆಕ್ಕಗಳಿಗೆಂದೇ ಇದ್ದ ‘ತ್ರೀಡಿ ನೌ’ ಸೂಚನೆಗಳಿಂದ ಲಾಭವಾಗುವುದು ಆಟವನ್ನೋ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನೋ ಅವುಗಳಿಗಾಗಿ ಬರೆದಿದ್ದರೆ ಮಾತ್ರ.

ಪ್ರೊಸೆಸರ್ ತನ್ನ ಬಳಿಯೇ ಇಟ್ಟುಕೊಳ್ಳುವ ವೇಗದ ಕ್ಯಾಶ್ ಮೆಮೊರಿಯೂ ಅಷ್ಟೇ ಮುಖ್ಯ. 1998ರಲ್ಲಿ ಬಂದ ಇಂಟೆಲ್ ಕಂಪನಿಯ ಮೊದಲ ಸೆಲೆರಾನ್ 266 ಮತ್ತು 300ರಲ್ಲಿ ಎಲ್2 (ಎರಡನೇ ಹಂತದ) ಕ್ಯಾಶ್ ಇರಲೇ ಇಲ್ಲ. ಅದೇ ವರ್ಷದ 300ಎಯಲ್ಲಿ ಚಿಪ್‌ನೊಳಗೇ ಪೂರ್ಣ ವೇಗದ 128 ಕೆಬಿ ಇತ್ತು. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ, ಆಟದಲ್ಲಿ ಅಜಗಜಾಂತರ. ಹಳೆಯ ಯಂತ್ರ ಜೋಡಿಸುವವರು ಆ ‘ಎ’ ಇದೆಯೇ ಎಂದು ಮರೆಯದೆ ನೋಡಬೇಕು.

ದೋಷ ಎಲ್ಲಿದೆ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯಿದೆ. ಕಾರ್ಡ್ ಬಳಸುವ ಆಟದಲ್ಲಿ ರೆಸಲ್ಯೂಶನ್ ಅನ್ನು 1024x768ರಿಂದ 640x480ಕ್ಕೆ ಇಳಿಸಿ, ಅದೇ ಟ್ರ್ಯಾಕಿನ ಅದೇ ಜಾಗದಲ್ಲಿ ಫ್ರೇಮ್ ದರ ನೋಡಿ. ಏರಿದರೆ ಕಾರ್ಡ್ ಸಾಲದು. ಆಟದ ಗರಿಷ್ಠ ಫ್ರೇಮ್ ಮಿತಿಯನ್ನೂ ಮುಟ್ಟದೆ ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸಾಲದು. ಆಮೇಲೆ ಟ್ರ್ಯಾಕಿನಲ್ಲಿ ಒಂಟಿಯಾಗಿ ಓಡಿಸಿ. ಆಗ ಸರಾಗವಾಗಿ ಓಡಿದರೆ ಎದುರಾಳಿಗಳ ಸಂಖ್ಯೆ ಇಳಿಸುವುದೇ ಮದ್ದು. ಶಬ್ದದ ಚಾನೆಲ್‌ಗಳನ್ನು ಕಡಿಮೆ ಮಾಡಿದರೂ ಸ್ವಲ್ಪ ಉಸಿರು ಸಿಗುತ್ತದೆ; ಅವುಗಳನ್ನು ಬೆರೆಸುವ ಕೆಲಸವೂ ಅನೇಕ ವೇಳೆ ಪ್ರೊಸೆಸರ್‌ನದೇ.

ಹೊಸ ಯಂತ್ರದಲ್ಲಿ ತೊಂದರೆ ಬೇರೆ ಬಗೆಯದು. ಈ ಆಟಗಳು ಹೆಚ್ಚಾಗಿ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಬಳಸುವುದರಿಂದ ಎಂಟು ಕೋರ್ ಇದ್ದರೂ ಲಾಭ ಒಂದರದೇ. 2005ರ ಅಥ್ಲಾನ್ 64 ಎಕ್ಸ್2 ಚಿಪ್‌ಗಳಲ್ಲಿ ಎರಡು ಕೋರ್‌ಗಳ ಸಮಯ ಎಣಿಕೆ ಒಂದಕ್ಕೊಂದು ತಾಳೆಯಾಗದೆ, ಆಟ ಒಂದರಿಂದ ಇನ್ನೊಂದಕ್ಕೆ ಜಿಗಿದಾಗ ಕಾರು ಮುಂದಕ್ಕೂ ಹಿಂದಕ್ಕೂ ಎಗರುವುದಿತ್ತು. ಅದಕ್ಕೆ ಎಎಂಡಿಯೇ ಡ್ಯುಯಲ್ ಕೋರ್ ಆಪ್ಟಿಮೈಸರ್ ಎಂಬ ತಂತ್ರಾಂಶ ಕೊಟ್ಟಿತ್ತು. ಇಂಟೆಲ್‌ನ 2021ರ ನಂತರದ ಅನೇಕ ಚಿಪ್‌ಗಳಲ್ಲಿ ವೇಗದ ಕೋರ್, ಮಿತವ್ಯಯದ ಕೋರ್ ಎಂದು ಎರಡು ಬಗೆ ಇವೆ. ಆಟ ಎರಡನೆಯದಕ್ಕೆ ಹೋದರೆ ತಡವರಿಸಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಡೀಟೇಲ್ಸ್’ನಲ್ಲಿ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ‘ಸೆಟ್ ಅಫಿನಿಟಿ’ಯಲ್ಲಿ ವೇಗದ ಒಂದು ಕೋರ್ ಮಾತ್ರ ಉಳಿಸಿ. ಆಟ ಮುಚ್ಚಿದರೆ ಇದು ಅಳಿಸಿಹೋಗುತ್ತದೆ, ಪ್ರತಿ ಸಲವೂ ಮಾಡಬೇಕು.

ಹಳೆಯ ಡಾಸ್ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಆಡುವವರು ಸೈಕಲ್ಸ್ (ಅದು ಅನುಕರಿಸುವ ಪ್ರೊಸೆಸರಿನ ವೇಗ) ಸಂಖ್ಯೆಯನ್ನು ‘ಮ್ಯಾಕ್ಸ್’ಗೆ ಬಿಟ್ಟರೆ ‘ಗ್ರಾಂಡ್ ಪ್ರಿಕ್ಸ್ 2’ ತೋರಿಸುವ ಹೊರೆಯ ಅಂಕಿ ಕುಣಿಯುತ್ತಲೇ ಇರುತ್ತದೆ. ಒಂದು ಸ್ಥಿರ ಸಂಖ್ಯೆ ಕೊಟ್ಟು, ಕಂಟ್ರೋಲ್ ಮತ್ತು ಎಫ್12 ಒತ್ತಿ ಏರಿಸುತ್ತಾ ಹೋಗಿ. ಶಬ್ದ ಒಡೆಯಲು ಶುರುವಾದರೆ ನಿಮ್ಮ ಅಸಲಿ ಪ್ರೊಸೆಸರ್ ಸೋತಿದೆ ಎಂದರ್ಥ. ಆಗ ಕಂಟ್ರೋಲ್ ಮತ್ತು ಎಫ್11 ಒತ್ತಿ ಎರಡು ಹೆಜ್ಜೆ ಹಿಂದೆ ಬಂದು, ಆ ಸಂಖ್ಯೆಯನ್ನೇ ಕಾನ್ಫಿಗ್ ಫೈಲಿನಲ್ಲಿ ಬರೆದಿಡಿ.

ಇಂತಿ,
ಒಬ್ಬ ಓದುಗ