ಹೊಸ ಹೀಟರ್ ಕೊಳ್ಳುವ ಮೊದಲು ಹಳೆಯದರ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾರ್ಖಾನೆಗಳ ಆಧುನೀಕರಣದ ಮಾತು ಬಂದಾಗಲೆಲ್ಲ ಕಬ್ಬಿನ ರಸ ಕಾಯಿಸುವ ಜ್ಯೂಸ್ ಹೀಟರ್‌ಗಳನ್ನು ಬದಲಾಯಿಸುವ ಪ್ರಸ್ತಾಪವೂ ಬರುತ್ತದೆ. ಇವು ಶೆಲ್ ಅಂಡ್ ಟ್ಯೂಬ್ ಮಾದರಿಯ ಶಾಖ ವಿನಿಮಯಕಗಳು. ಕೊಳವೆಗಳ ಒಳಗೆ ರಸ, ಹೊರಗೆ ಕವಚದಲ್ಲಿ, ಅಂದರೆ ಶೆಲ್‌ನಲ್ಲಿ ರಸವನ್ನು ಕುದಿಸಿ ಗಟ್ಟಿ ಮಾಡುವ ಇವ್ಯಾಪೊರೇಟರ್‌ನಿಂದ ತೆಗೆದ ಹಬೆ. ಹೊಸದನ್ನು ವಿನ್ಯಾಸ ಮಾಡುವುದು ಒಂದು ಲೆಕ್ಕ, ಇರುವುದು ಇಂದಿನ ಸ್ಥಿತಿಯಲ್ಲಿ ಎಷ್ಟು ಶಾಖ ದಾಟಿಸಬಲ್ಲದು ಎಂದು ನೋಡುವ ರೇಟಿಂಗ್ ಇನ್ನೊಂದು ಲೆಕ್ಕ. ಈ ಎರಡನೆಯದನ್ನು ನಮ್ಮಲ್ಲಿ ಮಾಡುವವರೇ ವಿರಳ.

ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಶಾಖ ದಾಟುವ ಮೇಲ್ಮೈ ಲೆಕ್ಕದಲ್ಲಿ 120 ಚದರ ಮೀಟರ್‌ನ ಹೀಟರ್ ಇತ್ತು. ಗಂಟೆಗೆ 100 ಟನ್ ರಸವನ್ನು 90 ಡಿಗ್ರಿಯ ಹಬೆಯಿಂದ 35ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕಾಗಿದ್ದ ಅದು, ಹಂಗಾಮಿನ ನಡುವೆ 62ಕ್ಕೇ ನಿಂತುಬಿಟ್ಟಿತು. ಲೆಕ್ಕ ಹಾಕಿದರೆ ಒಟ್ಟು ಶಾಖ ವರ್ಗಾವಣೆಯ ಗುಣಾಂಕ (ಒಂದು ಚದರ ಮೀಟರ್ ಮೂಲಕ, ಪ್ರತಿ ಡಿಗ್ರಿ ತಾಪ ವ್ಯತ್ಯಾಸಕ್ಕೆ ದಾಟುವ ಶಾಖ) ಸುಮಾರು 900ರಿಂದ 600 ವ್ಯಾಟ್‌ಗೆ ಇಳಿದಿತ್ತು. ಪೂರೈಕೆದಾರರು ಆ 600ನ್ನೇ ಹಿಡಿದು 180 ಚದರ ಮೀಟರ್‌ನ ಹೊಸ ಹೀಟರ್‌ಗೆ ದರಪಟ್ಟಿ ಕೊಟ್ಟರು. ಅವರ ಗಣಿತದಲ್ಲಿ ತಪ್ಪಿರಲಿಲ್ಲ; ಗುಣಾಂಕ ಏಕೆ ಇಳಿಯಿತೆಂದು ಯಾರೂ ಕೇಳಿರಲಿಲ್ಲ, ಅಷ್ಟೆ. ಹಬೆಯೊಡನೆ ಬಂದು ಶಾಖ ದಾಟುವುದನ್ನು ತಡೆಯುವ ಗಾಳಿಯನ್ನು ಹೊರಹಾಕುವ ವೆಂಟ್ ಪೈಪಿನ ವಾಲ್ವ್ ಮುಚ್ಚಿಕೊಂಡಿತ್ತು, ಅದರ ಹಿಡಿಚಕ್ರವನ್ನು ಯಾರೋ ಬಿಚ್ಚಿ ಬೇರೆ ವಾಲ್ವ್‌ಗೆ ಹಾಕಿದ್ದರು. ಪೈಪ್ ರೆಂಚ್ ಹಿಡಿದು ತಿರುಗಿಸಿ ತೆರೆದ ಅರ್ಧ ಗಂಟೆಯಲ್ಲಿ ರಸ 66 ಡಿಗ್ರಿ ಮುಟ್ಟಿತು. ಉಳಿದ ಕೊರತೆ ಕೊಳವೆಗಳೊಳಗೆ ಕಟ್ಟಿದ ಗಟ್ಟಿ ಪೊರೆಯ, ಅಂದರೆ ಸ್ಕೇಲ್‌ನದು. ಅದು ಕಾಸ್ಟಿಕ್ ಸೋಡಾ ಮತ್ತು ಬ್ರಷ್‌ಗೆ ಹೋಯಿತು.

ದೊಡ್ಡದನ್ನು ಕೊಂಡರೆ ನಷ್ಟವೇನು ಎಂದು ಆಡಳಿತ ಮಂಡಳಿಯವರು ಕೇಳುವುದುಂಟು. ದುಡ್ಡಿನ ಮಾತು ಬಿಡಿ. ಪಾಸ್‌ಗಳ (ರಸ ಹೀಟರ್‌ನ ಉದ್ದಕ್ಕೂ ಹೋಗಿಬರುವ ಸುತ್ತುಗಳ) ಸಂಖ್ಯೆ ಹಾಗೆಯೇ ಉಳಿಸಿಕೊಂಡು ಕೊಳವೆಗಳನ್ನು ಒಂದೂವರೆ ಪಟ್ಟು ಮಾಡಿದರೆ, ಸೆಕೆಂಡಿಗೆ 1.8 ಮೀಟರ್ ಇದ್ದ ರಸದ ವೇಗ 1.2ಕ್ಕೆ ಇಳಿಯುತ್ತದೆ. ಕೊಳವೆಯೊಳಗಿನ ಗುಣಾಂಕ ವೇಗದ 0.8ನೇ ಘಾತವನ್ನು ಅನುಸರಿಸುವುದರಿಂದ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ; ಜೊತೆಗೆ ನಿಧಾನವಾಗಿ ಹರಿಯುವ ರಸ ಸ್ಕೇಲನ್ನು ಬೇಗ ಕಟ್ಟುತ್ತದೆ. ಸ್ಕೇಲ್ ಕಟ್ಟೀತೆಂಬ ಭಯದಿಂದ ಸೇರಿಸಿದ ಕೊಳವೆಗಳೇ ಸ್ಕೇಲ್ ಕಟ್ಟಲು ದಾರಿ ಮಾಡಿಕೊಡುತ್ತವೆ. ಪಂಪಿನ ಮೇಲಿನ ಹೊರೆ ಕಡಿಮೆಯಾಗುವುದರಿಂದ ಆರಂಭದಲ್ಲಿ ಎಲ್ಲರಿಗೂ ಸಮಾಧಾನವೇ. ವೇಗ ಉಳಿಸಲು ಪಾಸ್‌ಗಳನ್ನು ಹೆಚ್ಚಿಸಿದರೆ ಒತ್ತಡದ ನಷ್ಟ ಏರುತ್ತದೆ, ಆಗ ಪಂಪನ್ನೂ ಮತ್ತೆ ಪರಿಶೀಲಿಸಬೇಕು.

ಆದ್ದರಿಂದ ಕಾರ್ಖಾನೆಗಳು ದರಪಟ್ಟಿ ಕರೆಯುವಾಗ ಚದರ ಮೀಟರ್ ಒಂದನ್ನೇ ಕೇಳದೆ, ಸ್ವಚ್ಛ ಸ್ಥಿತಿಯ ಗುಣಾಂಕ, ಸ್ಕೇಲ್‌ಗಾಗಿ ಬಿಟ್ಟ ಅವಕಾಶ, ರಸದ ವೇಗ ಮತ್ತು ಒತ್ತಡದ ನಷ್ಟವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ಹಳೆಯ ಹೀಟರ್‌ನ ತಾಪಮಾನ ಮತ್ತು ಹರಿವಿನ ವಾರದ ದಾಖಲೆಯನ್ನೂ ಪ್ರಸ್ತಾಪದೊಂದಿಗೆ ಆಡಳಿತ ಮಂಡಳಿಯ ಮುಂದಿಡಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂಥ ಕಡೆ, ಹಂಗಾಮು ಮುಗಿದ ಬಿಡುವಿನಲ್ಲಿ ಶಿಫ್ಟ್ ಎಂಜಿನಿಯರ್‌ಗಳಿಗೆ ಈ ಲೆಕ್ಕವನ್ನು ಅವರವರ ಕಾರ್ಖಾನೆಯ ಅಂಕಿಗಳಿಂದಲೇ ಮಾಡಿಸಬಹುದು. ತಾಪಮಾನ ಅಳೆಯುವ ಮೊದಲು ಥರ್ಮಾಮೀಟರ್ ಇಳಿಬಿಡಲು ಪೈಪಿನಲ್ಲಿ ಕೂರಿಸಿದ ಪಾಕೆಟ್‌ಗೆ ಎಣ್ಣೆ ಹಾಕಿದೆಯೇ ಎಂದು ನೋಡಿಕೊಳ್ಳಲಿ. ಒಣ ಪಾಕೆಟ್‌ನ ಥರ್ಮಾಮೀಟರ್ ನಂಬಿ ನಾನೇ ಒಮ್ಮೆ ಎರಡು ದಿನ ತಪ್ಪು ಲೆಕ್ಕ ಹಾಕಿದ್ದೆ.

– ನಿವೃತ್ತ ಸಕ್ಕರೆ ಕಾರ್ಖಾನೆ ಎಂಜಿನಿಯರ್, ಬೆಳಗಾವಿ ಜಿಲ್ಲೆ